ಹುಳವೂ ಚಿಟ್ಟೆಯೂ ಒಂದೇ: ಎಲೆಕೋಸಿನ ಕೀಟದಿಂದ ಒಂದು ಪಾಠ

ಕೀಟದ ಜೀವನಚಕ್ರವನ್ನು ಕಲಿಸುವಾಗ ನಾವು ಸಾಮಾನ್ಯವಾಗಿ ರೇಷ್ಮೆಹುಳುವಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಹೆಸರುಗಳನ್ನು ಬಾಣದ ಗುರುತಿನಿಂದ ಜೋಡಿಸಿದರೆ ಪಾಠ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಹೊಸೂರು, ತಾಳವಾಡಿ, ನೀಲಗಿರಿಗಳ ಕಡೆ ನಮ್ಮ ತರಗತಿಗೆ ಬರುವ ಅನೇಕ ಮಕ್ಕಳು ತರಕಾರಿ ಬೆಳೆಯುವ ಮನೆಗಳವರು. ಅವರ ಮಾತಿನಲ್ಲಿ ಕೋಸಿನ ಎಲೆಯನ್ನು ತಿನ್ನುವುದು ‘ಹುಳ’. ಗಿಡವನ್ನು ಅಲುಗಿಸಿದಾಗ ಎದ್ದು ಹಾರುವುದು ‘ಚಿಟ್ಟೆ’. ಹೆಸರು ಎರಡಾದುದರಿಂದ ಪ್ರಾಣಿಯೂ ಎರಡೆಂದು ತಿಳಿಯುವುದು ಸಹಜ. ಇವೆರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ಅರಿತಾಗಲೇ ಯಾವ ಉಪಾಯವನ್ನು ಯಾವ ದಿನ ಮಾಡಬೇಕೆಂಬುದು ತಿಳಿಯುತ್ತದೆ. ಆರರಿಂದ ಎಂಟನೆಯ ತರಗತಿಯವರೆಗೆ ವಿಜ್ಞಾನ ಕಲಿಸುವವರಿಗಾಗಿ ಈ ಲೇಖನವನ್ನು ಬರೆಯಲಾಗಿದೆ.

ಎಲೆಕೋಸು ಮತ್ತು ಹೂಕೋಸಿನ ಮುಖ್ಯ ಶತ್ರು ವಜ್ರಬೆನ್ನಿನ ಪತಂಗ. ಇದು ಒಂದು ಸೆಂಟಿಮೀಟರಿಗಿಂತ ಚಿಕ್ಕದು. ರೆಕ್ಕೆ ಮಡಿಸಿ ಕುಳಿತಾಗ ಬೆನ್ನಿನ ಮೇಲೆ ಮೂರು ತಿಳಿಬಣ್ಣದ ವಜ್ರಾಕೃತಿಗಳು ಸಾಲಾಗಿ ಕಾಣುತ್ತವೆ. ಹೆಣ್ಣು ಪತಂಗವು ಎಲೆಯ ಮೇಲೆ, ಹೆಚ್ಚಾಗಿ ಅದರ ತಳಭಾಗದಲ್ಲಿ, ಬಿಡಿಬಿಡಿಯಾಗಿ ಸೂಕ್ಷ್ಮವಾದ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದು ಬಂದ ಹುಳು ಮೊದಲ ಕೆಲವು ದಿನ ಎಲೆಯ ಪದರಗಳ ನಡುವೆಯೇ ಕೊರೆದುಕೊಂಡು ಇರುತ್ತದೆ. ಆಮೇಲೆ ಹೊರಬಂದು ಎಲೆಯನ್ನು ತಳದಿಂದ ಕೆರೆದು ತಿನ್ನುತ್ತದೆ. ಮೇಲಿನ ತೆಳುಪೊರೆ ಮಾತ್ರ ಕಿಟಕಿಯ ಗಾಜಿನಂತೆ ಉಳಿಯುತ್ತದೆ. ಮುಟ್ಟಿದರೆ ಹುಳು ಹಿಂದುಹಿಂದಕ್ಕೆ ಹೊರಳಿ, ನೂಲೆಳೆಯಲ್ಲಿ ಜೋತುಬೀಳುತ್ತದೆ. ಮಕ್ಕಳು ಗುರುತು ಹಿಡಿಯಲು ಇಷ್ಟು ಸಾಕು. ಕೊನೆಗೆ ಎಲೆಯ ಮೇಲೆಯೇ ಜಾಳಿಗೆಯಂತಹ ಗೂಡನ್ನು ನೇಯ್ದು ಕೋಶವಾಗುತ್ತದೆ.

ಈ ವಿವರವನ್ನು ನಿಯಂತ್ರಣದ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಎಲೆಯೊಳಗಿರುವ ಎಳೆಯ ಹುಳುವಿಗೆ ಮೇಲಿನಿಂದ ಸಿಂಪಡಿಸಿದ್ದು ಸುಲಭವಾಗಿ ತಾಗುವುದಿಲ್ಲ. ಕೋಶವು ಏನನ್ನೂ ತಿನ್ನದ ಕಾರಣ ಎಲೆಯ ಮೇಲಿನ ವಿಷವು ಅದರ ಹೊಟ್ಟೆಗೆ ಹೋಗದು. ಎಲೆಯ ತಳದಲ್ಲಿ ಹುಳು ಬಯಲಾಗಿರುವ ಕೆಲವೇ ದಿನಗಳು ಮಾತ್ರ ನಮ್ಮ ಕೈಗೆ ಸಿಗುತ್ತವೆ.

ಋತುವಿನ ಪ್ರಭಾವವೂ ಇಲ್ಲಿ ಸ್ಪಷ್ಟ. ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ವಾರಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಚಳಿಯಲ್ಲಿ ಹೆಚ್ಚು ಕಾಲ ಬೇಕು. ಜೋರು ಮಳೆ ಎಳೆಯ ಹುಳುಗಳನ್ನು ತೊಳೆದು ಕೆಡಹುವುದರಿಂದ ಮಳೆಗಾಲದಲ್ಲಿ ಅವುಗಳ ಸಂಖ್ಯೆ ಇಳಿದು, ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಏರುತ್ತದೆ. ನೀರಾವರಿಯಿಂದ ವರ್ಷವಿಡೀ ಕೋಸು ಬೆಳೆಯುವ ಕಡೆ ಕೀಟಕ್ಕೆ ಉಪವಾಸದ ಕಾಲವೇ ಇಲ್ಲದಂತಾಗಿದೆ. ಒಂದೇ ಹೊಲದಲ್ಲಿ ಮೊಟ್ಟೆ, ಹುಳು, ಕೋಶ, ಪತಂಗ ನಾಲ್ಕೂ ಒಟ್ಟಿಗೆ ಸಿಗುವುದು ಇದರಿಂದಲೇ.

ರೈತರು ಮತ್ತೆ ಮತ್ತೆ ಸಿಂಪಡಿಸಿದರೂ ಹುಳು ಸಾಯದಿರುವುದಕ್ಕೆ ಇನ್ನೊಂದು ಕಾರಣವಿದೆ. ಡಿ.ಡಿ.ಟಿ.ಗೆ ಈ ಪತಂಗವು ಜಗ್ಗದಾಯಿತೆಂಬ ವರದಿ 1953ರಲ್ಲಿಯೇ ಜಾವಾದ ಲೆಂಬಾಂಗ್‌ನಿಂದ ಬಂದಿತು. ನಮ್ಮ ದೇಶದಲ್ಲಿ 1968ರಲ್ಲಿ ಲುಧಿಯಾನದಿಂದ ಅಂತಹುದೇ ವರದಿ ಬಂದಿತು. ಅನಂತರ ಬಂದ ಕೀಟನಾಶಕಗಳ ಬಹುತೇಕ ಎಲ್ಲ ಗುಂಪುಗಳಿಗೂ ಅದು ಹೀಗೆಯೇ ಎದುರು ನಿಂತಿದೆ. ‘ಹುಳಕ್ಕೆ ಔಷಧ ರೂಢಿಯಾಗಿಬಿಟ್ಟಿದೆ’ ಎಂದು ಮನೆಯಲ್ಲಿ ಕೇಳಿದ ಮಾತನ್ನು ಮಕ್ಕಳು ಹೇಳುತ್ತಾರೆ. ಈ ಮಾತನ್ನು ತಿದ್ದಬೇಕು: ಯಾವ ಹುಳುವೂ ವಿಷವನ್ನು ರೂಢಿ ಮಾಡಿಕೊಳ್ಳುವುದಿಲ್ಲ, ಹುಟ್ಟಿನಿಂದಲೇ ತಾಳಿಕೊಳ್ಳಬಲ್ಲವು ಉಳಿದು, ಅವುಗಳ ಸಂತಾನವೇ ಹೊಲವನ್ನು ತುಂಬುತ್ತದೆ.

ಇದನ್ನು ಕಾಳುಗಳಿಂದ ತೋರಿಸಬಹುದು. 38 ಅವರೆಕಾಳು, 2 ಹುಣಸೆಬೀಜಗಳನ್ನು ಮೇಜಿನ ಮೇಲೆ ಹರಡಿರಿ. ಅವರೆ ಸಾಮಾನ್ಯ ಹುಳು, ಹುಣಸೆಬೀಜ ವಿಷವನ್ನು ತಾಳುವ ಹುಳು. ಮೊದಲ ಸಿಂಪಡಣೆಯೆಂದು 30 ಅವರೆಕಾಳುಗಳನ್ನು ತೆಗೆಯಿರಿ. ಉಳಿದ ಪ್ರತಿಯೊಂದಕ್ಕೂ ಅದೇ ಜಾತಿಯ ಮೂರು ಮರಿಗಳನ್ನು ಸೇರಿಸಿದರೆ 32 ಅವರೆ, 8 ಹುಣಸೆಬೀಜಗಳಾಗುತ್ತವೆ. ಮತ್ತೆ 30 ಅವರೆ ತೆಗೆದು ಹಾಗೆಯೇ ಮಾಡಿದರೆ 8 ಅವರೆ, 32 ಹುಣಸೆಬೀಜ. ಒಟ್ಟು ಸಂಖ್ಯೆ ಪ್ರತಿ ಸಲವೂ 40. ಮೂರನೆಯ ಸಿಂಪಡಣೆಗೆ ಸಾಯಲು ಎಂಟೇ ಉಳಿದಿವೆಯೆಂಬುದನ್ನು ಮಕ್ಕಳೇ ಕಂಡುಹೇಳಲಿ.

ಹಾಗಾದರೆ ಮಾಡುವುದೇನು? ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಕ್ರಮವೊಂದು ನಮ್ಮ ಪಾಠಕ್ಕೆ ಬಹಳ ಅನುಕೂಲವಾಗಿದೆ. ಈ ಪತಂಗಕ್ಕೆ ಕೋಸಿಗಿಂತ ಸಾಸಿವೆಯ ಮೇಲೆ ಮೊಟ್ಟೆಯಿಡುವ ಆಸೆ ಹೆಚ್ಚು. ಆದುದರಿಂದ ಪ್ರತಿ 25 ಸಾಲು ಕೋಸಿನ ಇಕ್ಕೆಲಗಳಲ್ಲಿ ಸಾಸಿವೆಯನ್ನು ಬಿತ್ತುತ್ತಾರೆ: ಒಮ್ಮೆ ಕೋಸನ್ನು ನಾಟಿ ಮಾಡುವ ಸುಮಾರು 15 ದಿನ ಮೊದಲು, ಇನ್ನೊಮ್ಮೆ ನಾಟಿಯಾದ 25 ದಿನಗಳ ಮೇಲೆ. ಒಂದು ಸಾಸಿವೆ ಬಲಿತು ಒಣಗುವ ಹೊತ್ತಿಗೆ ಇನ್ನೊಂದು ಎಳೆಯದಾಗಿ ಸಿದ್ಧವಿರಬೇಕೆಂಬುದೇ ಈ ಲೆಕ್ಕದ ಗುಟ್ಟು. ಹುಳುಗಳು ಸಾಸಿವೆಯಲ್ಲಿ ಕೂಡಿದಾಗ ಅಲ್ಲಿಯೇ ಅವುಗಳನ್ನು ನಾಶ ಮಾಡಬಹುದು. ಕೋಸಿಗೆ ಶೇಕಡ 4ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸುತ್ತಾರೆ. 10 ಲೀಟರ್ ನೀರಿಗೆ 400 ಗ್ರಾಂ ಬೀಜದ ತಿರುಳಿನ ಪುಡಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಿಕೊಳ್ಳಲು ಸ್ವಲ್ಪ ಸಾಬೂನಿನ ನೀರನ್ನು ಸೇರಿಸಿ, ಎಲೆಯ ತಳಕ್ಕೂ ತಾಗುವಂತೆ ಸಂಜೆ ಸಿಂಪಡಿಸಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಕುಂದುತ್ತದೆ.

ಶಾಲೆಯ ಕೈತೋಟದಲ್ಲಿ 25 ಸಾಲುಗಳಿಗೆ ಜಾಗವಿರದು. ಒಂದು ಮಡಿಯ ಸುತ್ತ ಸಾಸಿವೆ ಬಿತ್ತಿ, ಇನ್ನೊಂದು ಮಡಿಯನ್ನು ಹಾಗೆಯೇ ಬಿಟ್ಟು, ವಾರಕ್ಕೊಮ್ಮೆ ಹತ್ತು ಗಿಡಗಳ ಹುಳುಗಳನ್ನು ಎಣಿಸಿ ಬರೆದರೆ ಸಾಕು. ಜೊತೆಗೆ ವಿಷ ಸಿಂಪಡಿಸದ ಗಿಡದಿಂದ ನಾಲ್ಕೈದು ಹುಳುಗಳನ್ನು ಎಲೆಸಮೇತ ತಂದು, ಬಾಯಿಗೆ ತೆಳುಬಟ್ಟೆ ಕಟ್ಟಿದ ಗಾಜಿನ ಸೀಸೆಯಲ್ಲಿಟ್ಟು ದಿನವೂ ಹೊಸ ಎಲೆ ಹಾಕಬೇಕು. ಹುಳು ಗೂಡು ಕಟ್ಟಿ, ಅದರಿಂದ ‘ಚಿಟ್ಟೆ’ ಬಂದ ದಿನ ನೀವು ಏನನ್ನೂ ವಿವರಿಸಬೇಕಾಗಿಲ್ಲ. ಕೆಲವೊಮ್ಮೆ ಪತಂಗದ ಬದಲು ಸಣ್ಣ ಕರಿಯ ಕಣಜ ಬರಬಹುದು. ಪ್ರಯೋಗ ಕೆಟ್ಟಿತೆಂದು ಸೀಸೆಯನ್ನು ತೊಳೆದಿಡಬೇಡಿ. ಅದು ಹುಳುವಿನ ಒಡಲಲ್ಲಿ ಬೆಳೆದು ಅದನ್ನು ಕೊಲ್ಲುವ ಪರತಂತ್ರ ಜೀವಿ, ರೈತನ ಮಿತ್ರ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಗಿರಿಪ್ರದೇಶಕ್ಕೆ ಡಯಾಡೆಗ್ಮಾ, ಬಯಲಿಗೆ ಕೊಟೇಸಿಯಾ ಎಂಬ ಕಣಜಗಳನ್ನು ಬಿಡುಗಡೆ ಮಾಡಲು ಶಿಫಾರಸು ಮಾಡುತ್ತದೆ. ಸಿಕ್ಕಸಿಕ್ಕ ವಿಷವನ್ನು ಸಿಂಪಡಿಸಿದ ಹೊಲದಲ್ಲಿ ಮೊದಲು ಸಾಯುವುದು ಇಂತಹ ಮಿತ್ರರೇ.

ಕೋಸು ಬೆಳೆಯದ ಊರುಗಳಲ್ಲಿ ಪಾಠದ ಕೀಟವನ್ನು ಬದಲಿಸಿಕೊಳ್ಳಬಹುದು. ಬದನೆಯ ಕುಡಿ ಮತ್ತು ಕಾಯಿ ಕೊರಕ ಎಲ್ಲ ಕಡೆಯೂ ಸಿಗುತ್ತದೆ. ಬಾಡಿದ ಕುಡಿಯನ್ನು ಸೀಳಿದರೆ ಒಳಗೆ ಹುಳು ಕಾಣುತ್ತದೆ. ವಾರಕ್ಕೊಮ್ಮೆ ಅಂತಹ ಕುಡಿಗಳನ್ನು ಚಿವುಟಿ ನಾಶಪಡಿಸುವುದೂ ಮೋಹಕ ಬಲೆಗಳೂ ಅದಕ್ಕೆ ತಕ್ಕ ಉಪಾಯ. ಹೀರೆ, ಹಾಗಲ, ಸೌತೆ ಬೆಳೆಯುವ ಕಡೆ ಹಣ್ಣಿನ ನೊಣವನ್ನು ತೆಗೆದುಕೊಳ್ಳಿರಿ. ಅದರ ಹುಳು ಕಾಯಿಯಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಉದುರಿದ ಕಾಯಿಗಳನ್ನು ಆಳವಾಗಿ ಹೂಳಬೇಕೆನ್ನುವುದು ಅದಕ್ಕಾಗಿ.

ಕೊನೆಯದಾಗಿ ಇನ್ನೊಂದು ಹೆಸರಿನ ವಿಚಾರ. ನಾವು ಕನ್ನಡದಲ್ಲಿ ಕೀಟನಾಶಕವನ್ನು ‘ಔಷಧ’ ಎನ್ನುತ್ತೇವೆ. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಕೂಡ ಅದೇ ಅರ್ಥದವು. ಮೂರು ಭಾಷೆಗಳಲ್ಲಿಯೂ ಈ ಮಾತು ವಿಷವನ್ನು ಮರೆಸುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಕಾಸರಗೋಡಿನ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೀಟನಾಶಕವನ್ನು ಬೆರೆಸುವ, ಸಿಂಪಡಿಸುವ ಕೆಲಸವನ್ನು ಮಕ್ಕಳಿಗೆ ಎಂದಿಗೂ ಕೊಡಬಾರದು. ಅದರ ಖಾಲಿ ಡಬ್ಬಿಯನ್ನೂ ತರಗತಿಗೆ ತರಿಸಬಾರದು. ಗಡಿಯ ಊರುಗಳಲ್ಲಿ ಡಬ್ಬಿಯ ಮೇಲಿನ ಬರಹ ಕನ್ನಡದಲ್ಲಿ ಇರದೆ ಹೋಗಬಹುದು. ಆದರೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಗುರುತು ಪ್ರತಿ ಡಬ್ಬಿಯ ಮೇಲೂ ಇರುತ್ತದೆ. ಪತಂಗದ ಬೆನ್ನಿನ ಮೇಲಿನ ಆಕೃತಿಯೇ ಇಲ್ಲೂ! ಅದರ ಕೆಳಗಿನ ಅರ್ಧಕ್ಕೆ ಬಳಿದ ಬಣ್ಣವನ್ನು ಓದಲು ಭಾಷೆ ಬೇಕಿಲ್ಲ. ಕೆಂಪು ಅತ್ಯಂತ ತೀವ್ರವಾದ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಹಸಿರೆಂದರೆ ನಿರಪಾಯವೆಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿರಿ. ಈ ಗುರುತನ್ನು ಹಲಗೆಯ ಮೇಲೆ ಬಣ್ಣದ ಸುಣ್ಣದಕಡ್ಡಿಯಿಂದ ಬರೆದು ತೋರಿಸಿ, ಮನೆಯ ಡಬ್ಬಿಯನ್ನು ಮುಟ್ಟದೆ ಹಿರಿಯರನ್ನು ಕೇಳಿ ಮೂರು ವಿಷಯಗಳನ್ನು ಬರೆದುಕೊಂಡು ಬರಲು ಹೇಳಿರಿ: ಗುರುತಿನ ಬಣ್ಣ ಯಾವುದು, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕಾಯಿ ಕೀಳುತ್ತಾರೆ, ಡಬ್ಬಿಯನ್ನು ಮನೆಯಲ್ಲಿ ಎಲ್ಲಿಡುತ್ತಾರೆ.