ಗಡಿ ಪಂಚಾಯಿತಿಗಳ ಕಾರ್ಯಪಡೆಗೆ: ಸಾಂಕ್ರಾಮಿಕ ಬಂದಾಗ ಮಾಡಬೇಕಾದ್ದು, ಮಾಡಬಾರದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಿಡಿಒ, ತಲಾಟಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನಗರಸಭೆ–ಪುರಸಭೆಯವರು ಓದಿ ಕಚೇರಿಯ ಗೋಡೆಗೆ ಹಚ್ಚಬೇಕು.

ಇದು ಸರ್ಕಾರದ ಆದೇಶವಲ್ಲ. ಆದೇಶ ಬಂದೇ ಬರುತ್ತದೆ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ಗೆ ಬೀಳುತ್ತದೆ, ಬೆಳಿಗ್ಗೆ ತಿದ್ದುಪಡಿಯಾಗಿ ಮತ್ತೆ ಬರುತ್ತದೆ. ಅದನ್ನು ಬರೆದವರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಕುಳಿತಿರುತ್ತಾರೆ. ನಮ್ಮ ಐದು ತಾಲ್ಲೂಕಿನ ಜನ ಮಾತ್ರ ಬೆಳಗಾದರೆ ಕಾಗಲ್, ಇಚಲಕರಂಜಿ, ಮಿರಜ, ಸಾಂಗ್ಲಿ ಕಡೆ ಮುಖ ಮಾಡುವವರು. ಆದೇಶದ ಗೆರೆ ಒಂದು ಕಡೆ, ಜನರ ದಾರಿ ಇನ್ನೊಂದು ಕಡೆ ಆದಾಗ ರೋಗ ಕೈಮೀರುತ್ತದೆ. 2020 ಮತ್ತು 2021ರಲ್ಲಿ ಇದನ್ನು ಕಣ್ಣಾರೆ ಕಂಡವರು ನಾವು. ಮುಂದಿನ ಸಲ, ಅದು ಯಾವ ರೋಗವೇ ಇರಲಿ, ಕೆಳಗಿನಂತೆ ನಡೆಯಬೇಕು.

ಯಾರ ಮಾತು ಯಾರು ಕೇಳಬೇಕು

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಅವರ ಕೆಳಗೆ ಚಿಕ್ಕೋಡಿಯ ಉಪವಿಭಾಗಾಧಿಕಾರಿ, ಆಮೇಲೆ ಆಯಾ ತಹಶೀಲ್ದಾರ್. ಔಷಧೋಪಚಾರದ ಮಾತು ತಾಲ್ಲೂಕು ಆರೋಗ್ಯಾಧಿಕಾರಿಯದು, ಪಂಚಾಯಿತಿಗಳ ಕೆಲಸದ ಮಾತು ತಾಲ್ಲೂಕು ಪಂಚಾಯಿತಿ ಇಒ ಅವರದು. ಊರೊಳಗೆ ಕಾರ್ಯಪಡೆಯದು. ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಫೋನ್ ನಂಬರು ಹಾಕಿ. ನಿಪ್ಪಾಣಿ, ಕಾಗವಾಡದವರು ಒಂದು ವಿಷಯ ಮೊದಲೇ ಖಾತ್ರಿ ಮಾಡಿಕೊಳ್ಳಬೇಕು. ನಿಮ್ಮವು ಚಿಕ್ಕೋಡಿ, ಅಥಣಿಗಳಿಂದ ಬೇರೆಯಾದ ಹೊಸ ತಾಲ್ಲೂಕುಗಳು. ಯಾವ ಕೆಲಸಕ್ಕೆ ಹೊಸ ಕಚೇರಿ, ಯಾವುದಕ್ಕೆ ಹಳೆಯ ತಾಲ್ಲೂಕಿನ ದವಾಖಾನೆ ಎಂಬುದನ್ನು ರೋಗ ಬಂದ ದಿನ ವಿಚಾರಿಸುತ್ತ ಕೂರಬೇಡಿ.

ಊರಿನ ಅಂಕಿ ಮೇಲೆ ಹೋಗುವುದು ಒಬ್ಬರ ಕೈಯಿಂದ, ದಿನಕ್ಕೊಂದೇ ಸಲ. ಆ ಒಬ್ಬರು ಪಿಡಿಒ ಆಗಿರಲಿ. ಕಂದಾಯದವರು, ಆರೋಗ್ಯದವರು, ಪೊಲೀಸರು ಅವರಿಂದಲೇ ತೆಗೆದುಕೊಳ್ಳಲಿ.

ಆಶಾ ಅಕ್ಕನವರಿಗೆ ಅದೇ ಅಂಕಿಗಾಗಿ ನಾಲ್ಕು ಇಲಾಖೆಯವರು ನಾಲ್ಕು ಸಲ ಫೋನ್ ಮಾಡಬೇಡಿ. ಬಿಸಿಲಲ್ಲಿ ಓಣಿ ಓಣಿ ತಿರುಗಿ ಬಂದ ಹೆಣ್ಣುಮಗಳು ರಾತ್ರಿ ಕೂತು ನಾಲ್ಕು ನಮೂನೆ ತುಂಬಿದರೆ ನಾಲ್ಕೂ ತಪ್ಪಾಗುತ್ತವೆ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಇಳಿಯಬೇಕಾಯಿತು. ಗೌರವಧನ ಏರಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ, ಒಪ್ಪಿದೆ. ಮಾಸ್ಕ್, ಸ್ಯಾನಿಟೈಸರ್, ತೋಟದ ಮನೆಗಳಿಗೆ ಹೋಗಲು ಒಂದು ಗಾಡಿ, ಜೊತೆಗೊಬ್ಬ ಸದಸ್ಯ, ಇಷ್ಟು ಪಂಚಾಯಿತಿಯ ಕೈಯಲ್ಲೇ ಇದೆ. ಇದನ್ನು ಕೊಡದೆ ಸಮೀಕ್ಷೆಗೆ ಕಳಿಸಬೇಡಿ. ಅವರ ಮೇಲೆ ಕೈ ಮಾಡಿದವನನ್ನು ಪಂಚರ ಮುಂದೆ ಕೂರಿಸಿ ರಾಜಿ ಮಾಡಿಸಬೇಡಿ. 2020ರ ಏಪ್ರಿಲ್‌ನ ಸುಗ್ರೀವಾಜ್ಞೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಿದ್ದಿ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಜೈಲು ಎಂದು ಬರೆಯಿತು. ಆ ತಿದ್ದುಪಡಿ ಆಮೇಲೆ ಕಾಯ್ದೆಯಾಗಿಯೇ ಉಳಿದಿದೆ. ದೂರು ಕೊಡಿ.

ಪಟ್ಟಿ

ಗಾವಠಾಣದ ಮನೆಗಳನ್ನು ಎಣಿಸಿ ‘ಊರು ಮುಗಿಯಿತು’ ಎಂದು ಬರೆಯಬೇಡಿ. ನಮ್ಮ ಕಡೆ ಅರ್ಧ ಊರು ತೋಟದಲ್ಲಿರುತ್ತದೆ. ರಾಯಬಾಗ, ಅಥಣಿಯ ಶಾಲೆಗಳ ಹೆಸರನ್ನೇ ನೋಡಿ, ಯಾರದೋ ಮನೆತನದ ತೋಟದ ಹೆಸರಿನ ಸರ್ಕಾರಿ ಶಾಲೆ ಎಷ್ಟು ಬೇಕಾದರೂ ಸಿಗುತ್ತವೆ. ಕಬ್ಬಿನ ನಡುವೆ ಎರಡಾಳು ಎತ್ತರದ ಹಸಿರಿನ ಹಿಂದೆ ನಾಲ್ಕು ಮನೆ, ಎರಡು ಎಮ್ಮೆ, ಜ್ವರದಲ್ಲಿ ಮಲಗಿದ ಒಬ್ಬ ಅಜ್ಜ. ಡಂಗುರ ಅಲ್ಲಿಗೆ ಕೇಳುವುದಿಲ್ಲ, ಕಸದ ಗಾಡಿಯ ಮೈಕು ಹೋಗುವುದಿಲ್ಲ. ತೋಟಪಟ್ಟಿಗೆ ಬೇರೆ ಪಟ್ಟಿ ಮಾಡಿ. ಅಲ್ಲಿಯ ಹಾಲು ಡೇರಿಗೆ ತರುವ ಹುಡುಗನನ್ನು ಕಾರ್ಯಪಡೆಗೆ ಸೇರಿಸಿಕೊಳ್ಳಿ. ಯಾವ ಮನೆಯ ಹಾಲು ಇವತ್ತು ಬರಲಿಲ್ಲ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಇರಲೇಬೇಕಾದವರು: ಅರವತ್ತು ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಮತ್ತು ಬಿಪಿಯವರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ಮುದುಕರು. ಡಯಾಲಿಸಿಸ್‌ನವರ ಮುಂದೆ ಯಾವ ಊರಿನ ಆಸ್ಪತ್ರೆ, ಯಾವ ವಾರ ಎಂದು ಬರೆಯಿರಿ.

ಗಡಿ

ಕೊಗನೊಳ್ಳಿ ಚೆಕ್‌ಪೋಸ್ಟ್ ಕಾಯುವುದು ರಾಷ್ಟ್ರೀಯ ಹೆದ್ದಾರಿ 48 ಅನ್ನು. ಗಡಿಯನ್ನಲ್ಲ. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು. ಪುಣೆಯಲ್ಲಿ ಬಸ್ ಹತ್ತಿ ಬೆಂಗಳೂರಿಗೆ ಹೊರಟವನಿಗೆ ಅದು ತಕ್ಕ ನಿಯಮ. ಕಾಗಲ್‌ನ ಎಂಐಡಿಸಿಗೆ ಡಬ್ಬಿ ಕಟ್ಟಿಕೊಂಡು ಬೈಕ್ ಮೇಲೆ ಹೋಗಿ ಸಂಜೆ ಮನೆಗೆ ಬರುವವನು, ಇಚಲಕರಂಜಿಯ ಮಗ್ಗದಲ್ಲಿ ಪಾಳಿ ಮುಗಿಸಿ ಬರುವವನು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗೆ ಕಾಯುತ್ತಾನೆಯೇ? ಕಾರದಗಾ, ಮಾಂಗೂರ, ಬೋರಗಾಂವ ಕಡೆಯ ಹೊಲದ ದಾರಿ ಹಿಡಿಯುತ್ತಾನೆ. ಸದಲಗಾದವನಿಗೆ ದತ್ತವಾಡದ ಸೇತುವೆ ಇದೆ, ಕಾಗವಾಡದವನಿಗೆ ಗಣೇಶವಾಡಿ ಇದೆ. ಹಾಗೆ ಬಂದವನು ಬಂದದ್ದನ್ನು ಹೇಳುವುದಿಲ್ಲ, ಜ್ವರ ಬಂದರೂ ಹೇಳುವುದಿಲ್ಲ. ಬಿಗಿ ನಿಯಮದಿಂದ ನಾವು ಕಳೆದುಕೊಂಡದ್ದು ಇದನ್ನೇ, ಅವನ ಬಾಯಿಂದ ಬರುವ ಸತ್ಯವನ್ನು.

ಆದ್ದರಿಂದ, ದಿನನಿತ್ಯ ಗಡಿ ದಾಟುವವರ ಹೆಸರು, ಕೆಲಸದ ಜಾಗ, ದಾಟುವ ದಾರಿಯನ್ನು ಪಂಚಾಯಿತಿ ಪುಸ್ತಕದಲ್ಲಿ ಬರೆದುಕೊಳ್ಳಿ. ಅವರಿಗೊಂದು ಗುರುತು ಚೀಟಿ ಕೊಡುವ ಅಧಿಕಾರವನ್ನು ತಹಶೀಲ್ದಾರರಿಂದ ಬರಹದಲ್ಲಿ ಪಡೆಯಿರಿ. ಅವರ ತಪಾಸಣೆ ಊರಲ್ಲೇ, ಕೆಲಸಕ್ಕೆ ಹೊರಡುವ ಮುಂಚಿನ ಹೊತ್ತಿನಲ್ಲಿ ಆಗಲಿ. ಹನ್ನೊಂದು ಗಂಟೆಗೆ ಶಿಬಿರ ಇಟ್ಟರೆ ಬರುವವರು ಕೆಲಸವಿಲ್ಲದವರು ಮಾತ್ರ.

ಆಚೆಯ ಊರಿನ ಸರಪಂಚರ, ಗ್ರಾಮಸೇವಕರ ನಂಬರು ನಿಮ್ಮ ಫೋನಿನಲ್ಲಿ ಇರಬೇಕು. ಬೆಳಗಾವಿ ಜಿಲ್ಲಾಧಿಕಾರಿ ಕೊಲ್ಹಾಪುರ, ಸಾಂಗ್ಲಿ ಜಿಲ್ಲಾಧಿಕಾರಿಗಳೊಡನೆ ಮಾತಾಡುತ್ತಾರೆ, ಸರಿ. ಆ ಮಾತು ಕೆಳಗಿಳಿದು ನಿಮ್ಮ ಊರಿಗೆ ಬರುವ ಹೊತ್ತಿಗೆ ಎರಡೂ ಊರಿನ ಮದುವೆ ಮುಗಿದಿರುತ್ತದೆ. ಹೆಣ್ಣು ಕೊಟ್ಟು ತಂದ ಊರುಗಳಿವು. ಬೀಗರ ಊರಲ್ಲಿ ಜ್ವರ ಎದ್ದ ಸುದ್ದಿ ನೇರವಾಗಿ ಕಾರ್ಯಪಡೆಗೆ ಬರಲಿ. 2020ರ ಮಾರ್ಚ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಒಂದೇ ಮನೆತನದ ಹಲವರಿಗೆ ಸೋಂಕು ತಗುಲಿದಾಗ ನಮಗದು ‘ಬೇರೆ ರಾಜ್ಯದ ಸುದ್ದಿ’ ಆಗಿತ್ತು. ದೂರ ನೋಡಿದರೆ ಹಾಗೆ ಅನ್ನುವಂತಿಲ್ಲ.

ಸೂಚನೆಗಳನ್ನು ಕನ್ನಡದ ಜೊತೆಗೆ ಮರಾಠಿಯಲ್ಲೂ ಓದಿ ಹೇಳಿ. ಇದು ಗಡಿ ವಿವಾದದ ಮಾತಲ್ಲ. ಆ ಜಗಳಕ್ಕೆ ಬೇರೆ ವೇದಿಕೆಗಳಿವೆ, ಬೇಕಾದಷ್ಟು ಜನರೂ ಇದ್ದಾರೆ. ಜ್ವರದ ಸೂಚನೆ ಮನೆಯ ಮುದುಕಿಗೆ ತಿಳಿಯಬೇಕು, ಅಷ್ಟೇ.

ಊರ ದಾರಿಗೆ ಮಣ್ಣು ಸುರಿಯಬೇಡಿ, ಜಾಲಿಮುಳ್ಳು ಎಳೆಯಬೇಡಿ, ಕಂದಕ ತೋಡಬೇಡಿ. ಕಾಗವಾಡದಿಂದ ಮಿರಜ ಹದಿನೈದು ಕಿಲೋಮೀಟರಿನೊಳಗೆ. ಬೆಳಗಾವಿ ನೂರರ ಆಸುಪಾಸು. ಮಿರಜದಲ್ಲಿ 1894ರಲ್ಲೇ ಮಿಷನ್ ಆಸ್ಪತ್ರೆ ಶುರುವಾಗಿತ್ತು. ನಮ್ಮ ಅಜ್ಜಂದಿರ ಕಾಲದಿಂದಲೂ ದೊಡ್ಡ ಬೇನೆ ಎಂದರೆ ಅಲ್ಲಿಗೇ ಹೋಗುವುದು. ಹೆರಿಗೆ ನೋವಿನಲ್ಲಿರುವವಳನ್ನು ಮಣ್ಣಿನ ಗುಡ್ಡೆಯ ಮುಂದೆ ಇಳಿಸಿ ಆಚೆ ಇನ್ನೊಂದು ಗಾಡಿಗೆ ಹತ್ತಿಸುವ ಪ್ರಸಂಗ ತರಬೇಡಿ. ಬಿಗಿ ಬೇಕಾದರೆ ಆಳು ಕೂರಿಸಿ. ಆಂಬುಲೆನ್ಸ್ ಕಂಡರೆ ಅವನು ಎದ್ದು ದಾರಿ ಬಿಡುತ್ತಾನೆ, ಮಣ್ಣು ಬಿಡುವುದಿಲ್ಲ.

ಬೀಡಿ ಕಟ್ಟುವವರು, ಕಬ್ಬು ಕಡಿಯುವವರು

ನಿಪ್ಪಾಣಿಯಲ್ಲಿ ‘ಕೆಮ್ಮು ಇದೆಯೇ’ ಎಂದು ಕೇಳಿ ಸಮೀಕ್ಷೆ ಮಾಡಬೇಡಿ. ಮೊರ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ತಂಬಾಕಿನ ಪುಡಿಯಲ್ಲಿ ಕೂರುವ ಹೆಂಗಸಿಗೆ ಕೆಮ್ಮು ವರ್ಷಪೂರ್ತಿ ಇರುತ್ತದೆ. ‘ಇಲ್ಲ’ ಎಂದರೂ ಸುಳ್ಳು, ‘ಹೌದು’ ಎಂದರೂ ಉಪಯೋಗವಿಲ್ಲ. ಈ ವಾರ ಹೊಸದಾಗಿ ಜ್ವರ ಬಂದಿತೇ, ಮೆಟ್ಟಿಲು ಹತ್ತಿದರೆ ಉಸಿರು ಹಿಂದಿಗಿಂತ ಹೆಚ್ಚು ಕಟ್ಟುತ್ತದೆಯೇ ಎಂದು ಕೇಳಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗಿಳಿದರೆ ದವಾಖಾನೆಗೆ ಎಂಬ ಲೆಕ್ಕ ಇತ್ತು. ಕಟ್ಟಿದ ಬೀಡಿ ಒಪ್ಪಿಸಲು ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕೋಣೆಗೆ ಸೇರುವುದನ್ನು ತಪ್ಪಿಸಿ, ಓಣಿಗೊಂದು ಹೊತ್ತು ಗೊತ್ತು ಮಾಡಿಸಿ. ಬೀಡಿ ಶಾಖೆಯನ್ನೇ ಮುಚ್ಚಿಸುವ ಮಾತು ಬಂದರೆ, ಆ ದಿನದ ರೊಟ್ಟಿ ಎಲ್ಲಿಂದ ಬರುತ್ತದೆ ಎಂಬ ಉತ್ತರ ಅದೇ ಸಭೆಯ ನಡಾವಳಿಯಲ್ಲಿ ಇರಬೇಕು.

ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ. ಈಗ ಐದೂ ತಾಲ್ಲೂಕಿನಲ್ಲಿ ಕಾರ್ಖಾನೆಗಳಿವೆ. ಹಂಗಾಮಿಗೆ ಬೀಡ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಗ್ಯಾಂಗುಗಳು ಬಂದು ಹೊಲದಂಚಿನಲ್ಲಿ ಜೋಪಡಿ ಹಾಕುತ್ತವೆ. ಅವರ ರೇಷನ್ ಕಾರ್ಡು ಇನ್ನೊಂದೂರಿನದು, ಮತ ಇನ್ನೊಂದೂರಿನದು, ಹಾಗಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮುಕಾದಮನನ್ನು ಕರೆಸಿ ಹೆಸರು ಬರೆಸಿಕೊಳ್ಳಿ, ಮಕ್ಕಳನ್ನೂ ಸೇರಿಸಿ. ಕಾರ್ಖಾನೆಯ ಕಬ್ಬು ವಿಭಾಗದವರನ್ನು ಕಾರ್ಯಪಡೆಯ ಸಭೆಗೆ ಕರೆಯಿರಿ. ಲಾಕ್‌ಡೌನ್ ಬಂದರೆ ನೀರು, ಹಿಟ್ಟು, ಔಷಧದ ಖರ್ಚು ಯಾರದು ಎಂದು ಹಂಗಾಮಿನ ಆರಂಭದಲ್ಲೇ ಬರೆದಿಡಿ. 2020ರ ಮಾರ್ಚ್ ಕೊನೆಗೆ ಗ್ಯಾಂಗುಗಳು ದಾರಿಯಲ್ಲೇ ಸಿಕ್ಕಿಬಿದ್ದಾಗ ಈ ಲೆಕ್ಕ ಮಾಡಲು ಹೊರಟರೆ ಮುಕಾದಮನೂ ಸಿಗಲಿಲ್ಲ, ಕಾಗದವೂ ಇರಲಿಲ್ಲ.

ಸೀಲ್‌ಡೌನ್

2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿ ಪಟ್ಟಣವೇ ಸೀಲ್‌ಡೌನ್ ಆಯಿತು. ಟಿವಿಯಲ್ಲಿ ದಿನಗಟ್ಟಲೆ ಊರಿನ ಹೆಸರೇ ಓಡಿತು. ರೋಗಿಯ ಹೆಸರು, ಜಾತಿ, ಧರ್ಮ, ಓಣಿ ಯಾವುದನ್ನೂ ಮೈಕಿನಲ್ಲಿ, ಊರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಹಾಕಿದ ಸದಸ್ಯನನ್ನು ಕಾರ್ಯಪಡೆಯಿಂದ ಅದೇ ದಿನ ಬಿಡಿಸಿ.

ಮನೆ ಮಂದಿಯನ್ನೆಲ್ಲ ಹಾಸ್ಟೆಲ್‌ಗೆ ಕ್ವಾರಂಟೈನ್‌ಗೆ ಒಯ್ಯುವ ಮುಂಚೆ ಹಿತ್ತಲಿಗೆ ಹೋಗಿ ನೋಡಿ. ಎಮ್ಮೆ ಇದೆಯೇ? ಅದಕ್ಕೆ ಮೇವು ಹಾಕುವವರು, ಹಿಂಡುವವರು ಯಾರು? ಜನ ಆಂಬುಲೆನ್ಸ್ ಹತ್ತುವುದಿಲ್ಲ ಎಂದು ಹಟ ಮಾಡಿದ್ದಕ್ಕೆ ಮೊಂಡತನ ಎಂದು ಷರಾ ಬರೆದವರು ಈ ಪ್ರಶ್ನೆ ಕೇಳಿರಲಿಲ್ಲ. ದನಕರುಗಳ ಹೊಣೆ ಹೊರುವ ನೆರೆಯವರ ಹೆಸರು ಬರೆದುಕೊಂಡ ಮೇಲೆ ಗಾಡಿ ತರಿಸಿ.

ಜಾತ್ರೆಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಗಾಡಿ ಕಟ್ಟಿಕೊಂಡು ಲಕ್ಷಗಟ್ಟಲೆ ಜನ ಬರುತ್ತಾರೆ. ನಿಲ್ಲಿಸುವುದಾದರೆ ಅವರು ಊರು ಬಿಡುವ ಮುಂಚೆ, ಅವರ ಪತ್ರಿಕೆಯಲ್ಲಿ, ಅವರ ಭಾಷೆಯಲ್ಲಿ ಹೇಳಿ. ಚಿಂಚಲಿಯ ಹೊಸ್ತಿಲಲ್ಲಿ ಲಾಠಿ ಬೀಸಬೇಡಿ.

ಹೊಳೆ ಬಂದಾಗ

ರೋಗ ಇದೆ ಎಂದು ಕೃಷ್ಣೆ ಸುಮ್ಮನಿರುವುದಿಲ್ಲ. 2021ರ ಜುಲೈನಲ್ಲಿ ಎರಡನೇ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಷ್ಟರಲ್ಲೇ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದವು. ಕಲ್ಲೋಳ–ಯಡೂರಿನಂತಹ ತಗ್ಗಿನ ಸೇತುವೆಗಳು ಮಳೆಗಾಲದಲ್ಲಿ ಮೊದಲು ಮುಳುಗುವಂಥವು. ಹಾಗಾಗಿ ಜೂನ್ ಮುಗಿಯುವುದರೊಳಗೆ ಎರಡು ಕೆಲಸ ಆಗಿರಬೇಕು.

ಒಂದೇ ಶಾಲೆಯನ್ನು ಕ್ವಾರಂಟೈನ್‌ಗೂ ಪ್ರವಾಹದ ಕಾಳಜಿ ಕೇಂದ್ರಕ್ಕೂ ಗೊತ್ತು ಮಾಡಬೇಡಿ. ಕಾಗದದ ಮೇಲೆ ಎರಡೂ ಪಟ್ಟಿ ಬೇರೆ ಬೇರೆ ಇಲಾಖೆಯಲ್ಲಿ ಇರುತ್ತವೆ, ಕಟ್ಟಡ ಒಂದೇ ಇರುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿ. ಕಾಳಜಿ ಕೇಂದ್ರದಲ್ಲಿ ಜ್ವರ ಇದ್ದವರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಇಲ್ಲದಿದ್ದರೆ ಅದನ್ನು ಕೇಂದ್ರ ಎಂದು ಬರೆಯಲೇಬೇಡಿ.

ಸೇತುವೆ ಮುಳುಗಿದ ದಿನ ರೋಗಿಯನ್ನು ಯಾವ ದಿಕ್ಕಿಗೆ ಒಯ್ಯಬೇಕು ಎಂದು ಹೊಳೆದಂಡೆಯ ಪ್ರತಿ ಊರೂ ಬರೆದಿಡಲಿ. ಆಕ್ಸಿಜನ್ ಸಿಲಿಂಡರು ಹೊಳೆಯ ಒಂದೇ ದಂಡೆಯಲ್ಲಿ ಇರದಿರಲಿ.

ಸಾವು

ಮಣ್ಣು ಮಾಡುವುದಿರಲಿ, ಸುಡುವುದಿರಲಿ, ಜಾಗ ಮೊದಲೇ ಗೊತ್ತಿರಬೇಕು. ಹೆಣ ಬಂದ ಮೇಲೆ ‘ನಮ್ಮ ಸ್ಮಶಾನದಲ್ಲಿ ಬೇಡ’ ಎಂದು ಅಡ್ಡ ನಿಲ್ಲುವವರಿಗೆ ಅವಕಾಶ ಕೊಡಬೇಡಿ. ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್‌ನ ಮಾರ್ಗಸೂಚಿಯಲ್ಲೇ ಮನೆಯವರು ಮುಖ ನೋಡಬಹುದು, ಮೈ ಮುಟ್ಟದೆ ಮಾಡುವ ಪೂಜೆ, ಪ್ರಾರ್ಥನೆ ಮಾಡಬಹುದು ಎಂದಿತ್ತು. ತಬ್ಬುವುದು, ಮೈ ತೊಳೆಯುವುದು ಮಾತ್ರ ಬೇಡ ಎಂದಿತ್ತು. ಇಷ್ಟನ್ನೂ ಕಸಿದುಕೊಂಡದ್ದು ನಿಯಮವಲ್ಲ, ಹೆದರಿಕೆ. ಮುಖ ತೋರಿಸಿ.

ಮಿರಜ, ಸಾಂಗ್ಲಿ, ಕೊಲ್ಹಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡವರ ಸಾವು ನೋಂದಣಿಯಾಗುವುದು ಅಲ್ಲಿಯೇ, ನಿಮ್ಮ ಪಂಚಾಯಿತಿಯಲ್ಲಿ ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. 21 ದಿನದೊಳಗೆ ಮಾಡಿಸಿದರೆ ಸುಲಭ, ತಡವಾದರೆ ಅನುಮತಿ, ಅಲೆದಾಟ. ಮನೆಯವರು ದುಃಖದಲ್ಲಿ ಇದನ್ನು ಮರೆಯುತ್ತಾರೆ. ಪರಿಹಾರಕ್ಕೆ ಅರ್ಜಿ ಕರೆದಾಗ ಕಾಗದ ಇರುವುದಿಲ್ಲ. ಕಾರ್ಯಪಡೆಯ ಒಬ್ಬ ಸದಸ್ಯ ಮೂರನೆಯ ದಿನದ ಶಾಸ್ತ್ರ ಮುಗಿಯುತ್ತಲೇ ಆ ಮನೆಗೆ ಹೋಗಿ ಆಸ್ಪತ್ರೆಯ ಬಿಡುಗಡೆ ಚೀಟಿ, ಪರೀಕ್ಷೆಯ ವರದಿ, ಸಾವಿನ ಕಾರಣದ ಪತ್ರ, ಆಧಾರ್ ನಾಲ್ಕನ್ನೂ ಒಂದು ಕವರಿಗೆ ಹಾಕಿಸಲಿ, ನಕಲು ಪಂಚಾಯಿತಿಯಲ್ಲಿ ಇಡಲಿ, ಮತ್ತು ಮಿರಜಕ್ಕೆ ಹೋಗಿ ನೋಂದಣಿ ಮಾಡಿಸಲು ಮನೆಯಲ್ಲಿ ಗಂಡಾಳು ಇಲ್ಲದಿದ್ದರೆ ತಾನೇ ಜೊತೆಗೆ ಹೋಗಲಿ.