ಅಳಿಯನಿಗೆ: ತೋಟಾದೊಳಗಿನ ಖಾಲಿ ಜಾಗ

ಅಳಿಯಾ, ಟೆಕ್ಸಾಸಿನ ನಿಮ್ಮ ಮನೆಯಲ್ಲಿದ್ದ ಮೂರು ತಿಂಗಳೂ ಸಂಜೆಯಾದರೆ ನಾನು ನಿನ್ನ ಗ್ಯಾರೇಜಿನಲ್ಲೇ ಕೂತಿರುತ್ತಿದ್ದೆ. ನೀನು ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುತ್ತಿದ್ದೆ, .357 ಮ್ಯಾಗ್ನಮ್ ತೋಟಾಕ್ಕೆ ಮದ್ದು ಅಳೆದು ಹಾಕುತ್ತಿದ್ದೆ. ನಿನ್ನ ಕೈಪಿಡಿಗಳನ್ನೆಲ್ಲ ನಾನು ಒಂದೊಂದಾಗಿ ಓದಿ ಮುಗಿಸಿದೆ. ಹೇಳಬೇಕೆನಿಸಿದ ಒಂದು ಮಾತು ಮಾತ್ರ ಬಾಯಲ್ಲೇ ಉಳಿಯಿತು. ಮೊನ್ನೆ ಫೋನಿನಲ್ಲಿ "ಮಾವ, ಈಗ ಬುಲ್ಸ್‌ಐ ಮದ್ದು ತಂದೀನಿ, ಒಂದು ಪೌಂಡಿನ ಡಬ್ಬಿಯಾಗ 1,700 ತೋಟಾ ಆಗ್ತಾವ" ಅಂದೆಯಲ್ಲ, ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಬಂದೂಕಿನ ಪಂಡಿತ ನಾನಲ್ಲ. ಆದರೆ ಕುಮಾರಪಟ್ಟಣದ ಕಾರ್ಖಾನೆಯ ಲ್ಯಾಬಿನಲ್ಲಿ ನೀಲಗಿರಿ ಮರದ ತಿರುಳನ್ನು ಪರೀಕ್ಷೆ ಮಾಡುತ್ತ ಆಯುಷ್ಯ ಕಳೆದವನು. ನಾವು ಮರದಿಂದ ಬೇರ್ಪಡಿಸುತ್ತಿದ್ದ ಸೆಲ್ಯುಲೋಸ್ ಹತ್ತಿಯಲ್ಲೂ ಇದೆ, ನಿನ್ನ ಡಬ್ಬಿಯ ಮದ್ದಿನ ಮೂಲವೂ ಅದೇ. ಷೋನ್‌ಬೈನ್ ಎಂಬಾತ 1846ರಲ್ಲಿ ಹತ್ತಿಗೆ ನೈಟ್ರಿಕ್ ಆಮ್ಲ ಸೇರಿಸಿ ಸಿಡಿಹತ್ತಿ ಮಾಡಿದ. ಫ್ರಾನ್ಸಿನ ವಿಯೆಲ್ 1884ರಲ್ಲಿ ಅದನ್ನು ಪಳಗಿಸಿ ಹೊಗೆಯಿಲ್ಲದ ಮದ್ದು ಮಾಡಿದ. ಪಳಗಿದ್ದರೂ ಅದರ ಗುಣ ಒಂದಿದೆ: ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಹಾಗಾಗಿ ಮದ್ದು ಎರಡು ಪಟ್ಟಾದರೆ ಒತ್ತಡ ಎರಡೇ ಪಟ್ಟಿಗೆ ನಿಲ್ಲುವುದಿಲ್ಲ. ನಿನ್ನ ಕಾರಿನ ಚಕ್ರದಲ್ಲಿ ಚದರ ಇಂಚಿಗೆ 35 ಪೌಂಡ್ ಗಾಳಿ ಇರುತ್ತದೆ ಅಂದುಕೋ. .357 ಮ್ಯಾಗ್ನಮ್‌ಗೆ ನಿಗದಿಯಾದ ಗರಿಷ್ಠ ಮಿತಿಯೇ 35,000. ಅದೂ ನಿನ್ನ ಅಂಗೈಯಲ್ಲಿ, ಮುಖದಿಂದ ಒಂದೂವರೆ ಮೊಳ ದೂರದಲ್ಲಿ.

ನಿನ್ನ ತೋಟಾದ ವಂಶಾವಳಿ ನೋಡು. ಅದರ ತಾಯಿ .38 ಸ್ಪೆಷಲ್. 1898ರಲ್ಲಿ ಅದು ಹುಟ್ಟಿದಾಗ ಕರಿಮದ್ದಿಗಾಗಿ ಮಾಡಿದ ಪಾತ್ರೆ. ಕರಿಮದ್ದು ಅದನ್ನು ತುಂಬಿಬಿಡುತ್ತಿತ್ತು, ಎರಡನೇ ಅಳತೆ ಹಾಕಲು ಒಳಗೆ ಜಾಗವೇ ಇರಲಿಲ್ಲ. ಹೊಗೆಯಿಲ್ಲದ ಮದ್ದು ಬಂದಾಗ ಪಾತ್ರೆ ಹಾಗೇ ಉಳಿಯಿತು, ಒಳಗಿನ ಪದಾರ್ಥ ತಳಕ್ಕಿಳಿಯಿತು. 1935ರಲ್ಲಿ ಮ್ಯಾಗ್ನಮ್ ಮಾಡುವಾಗ, ಹಳೆಯ ರಿವಾಲ್ವರುಗಳಿಗೆ ಇದು ಹೋಗದಿರಲಿ ಎಂದು ಅದನ್ನು ಇನ್ನೂ ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದರು. ಅಂಥ ತೋಟಾದಲ್ಲಿ ನಾಲ್ಕು ಗ್ರೇನ್ ಬುಲ್ಸ್‌ಐ ಹಾಕಿದರೆ ಕೊಡಪಾನದ ತಳದಲ್ಲಿ ಒಂದು ಚೊಂಬು ನೀರು ಇದ್ದ ಹಾಗೆ. ಮೈಮರೆತು ಎರಡು ಸಲ ಹಾಕಿದರೂ ಹಿಡಿಯುತ್ತದೆ, ಮೂರು ಸಲ ಹಾಕಿದರೂ ಹಿಡಿಯುತ್ತದೆ. ಮೇಲೆ ಗುಂಡು ಕೂತಮೇಲೆ ಒಳಗೇನಾಗಿದೆಯೆಂದು ಯಾರೂ ಹೇಳಲಾರರು.

ನಿನ್ನ ಅಜ್ಜನ, ಅಂದರೆ ನನ್ನ ಅಪ್ಪನ ಹತ್ತಿರ ಬೆಳೆ ಕಾಯುವ ಬಂದೂಕಿತ್ತು, ಲೈಸೆನ್ಸಿನದು, ಬಾಯಿಂದ ಮದ್ದು ತುಂಬುವಂಥದು. ಗೋವಿನಜೋಳ ಹಾಲುಗಾಳಾಗುವ ಹೊತ್ತಿಗೆ ಹಂದಿ ನುಗ್ಗುತ್ತಿದ್ದವು, ಅಪ್ಪ ಮಂಚಿಕೆಯ ಮೇಲೆ ಕೂತು ಗಾಳಿಯಲ್ಲಿ ಹಾರಿಸಿ ಓಡಿಸುತ್ತಿದ್ದರು. ಮದ್ದು ಜಡಿಯುವ ಕಬ್ಬಿಣದ ಸರಳಿಗೆ ಅವರು ಎರಡು ಗೆರೆ ಕೊರೆದಿದ್ದರು. ಸರಳು ಮೊದಲ ಗೆರೆಯ ತನಕ ಇಳಿದರೆ ನಳಿಗೆ ಖಾಲಿ, ಎರಡನೆಯದಕ್ಕೇ ನಿಂತರೆ ಒಳಗೆ ಆಗಲೇ ಮದ್ದಿದೆ. ಪಕ್ಕದ ಹೊಲದ ಒಬ್ಬರಿಗೆ ಆ ರೂಢಿ ಇರಲಿಲ್ಲ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ತುಂಬಿದ್ದರ ಮೇಲೇ ಮತ್ತೊಮ್ಮೆ ತುಂಬಿದರು. ನಳಿಗೆ ಬುಡದಲ್ಲಿ ಸೀಳಿ ಎಡಗೈಯ ಎರಡು ಬೆರಳು ಹೋದವು. ಅವರ ಕೈಗೆ ಬಟ್ಟೆ ಸುತ್ತಿ ಚಕ್ಕಡಿಯಲ್ಲಿ ಕರೆದೊಯ್ದವರಲ್ಲಿ ನಾನೂ ಒಬ್ಬ. ಆಗ ನನಗೆ ಹದಿನಾರು ವರ್ಷ.

ನಿನ್ನ ತೋಟಾಕ್ಕೆ ಸರಳು ಇಳಿಸಿ ನೋಡುವ ದಾರಿಯಿಲ್ಲ. ಮದ್ದಿನ ಗಾತ್ರವೇ ನಿನಗೆ ಆ ಗೆರೆಯಾಗಬೇಕು. ಜಾಗ ತುಂಬುವ ಮದ್ದನ್ನೇ ಆರಿಸಿಕೋ. 2400 ಎಂಬ ಮದ್ದಿದೆಯಲ್ಲ, ಮ್ಯಾಗ್ನಮ್‌ಗೆ ಹಾಕುವ ಅದರ ಸಾಮಾನ್ಯ ಅಳತೆ ಅರ್ಧಕ್ಕೂ ಮೇಲೆ ಬರುತ್ತದೆ, ಎರಡನೇ ಸಲ ಬಿದ್ದರೆ ಬಾಯಿ ಮೀರಿ ಚೆಲ್ಲುತ್ತದೆ. ಸ್ವಲ್ಪ ಮೆತ್ತಗಿನ ಹೊಡೆತ ಸಾಕೆಂದರೆ ಯೂನಿಕ್ ಆದೀತು. ಅದರ ಚಪ್ಪಟೆ ಹಳಕುಗಳು ಹಗುರ, ಎರಡು ಪಟ್ಟಾದರೆ ಚೆಲ್ಲದಿದ್ದರೂ ಕಣ್ಣಿಗೆ ಬೀಳುತ್ತದೆ. ಆದರೆ ನೋಡುವ ಕಣ್ಣು ನಿನ್ನದೇ ಆಗಬೇಕು.

ಎಚ್110 ಎಂಬ ಮದ್ದು ಹೇಗೂ ತೋಟಾ ತುಂಬುತ್ತದಲ್ಲ, ಅದನ್ನೇ ಕಡಿಮೆ ಹಾಕುತ್ತೇನೆ ಎನ್ನಬೇಡ. ಬೇರೆ ಮದ್ದುಗಳನ್ನು ಗರಿಷ್ಠಕ್ಕಿಂತ ಶೇ. 10ರಷ್ಟು ಕೆಳಗಿನಿಂದ ಶುರುಮಾಡುವುದು ಪದ್ಧತಿ. ಇದನ್ನು ಶೇ. 3ಕ್ಕಿಂತ ಹೆಚ್ಚು ಇಳಿಸಬಾರದೆಂದು ತಯಾರಕರೇ ಹೇಳುತ್ತಾರೆ. ಒತ್ತಡ ಸಾಲದಿದ್ದರೆ ಅದು ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಗುಂಡು ನಳಿಗೆಯ ಮಧ್ಯದಲ್ಲೇ ಕಚ್ಚಿಕೊಳ್ಳಬಹುದು. ಅದು ತಿಳಿಯದೆ ಎರಡನೆಯದನ್ನು ಹಾರಿಸಿದರೆ ಮುಗಿಯಿತು.

ಎರಕದ ಗುಂಡಿಗೆ ಮ್ಯಾಗ್ನಮ್ಮಿನ ಪೂರ್ತಿ ವೇಗ ಬೇಕೂ ಇಲ್ಲ. ಕಾಗದದ ಗುರಿಗೆ ಸೆಕೆಂಡಿಗೆ ಸಾವಿರ ಅಡಿಯ ಆಸುಪಾಸು ಧಾರಾಳ. ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತದೆಂದು ನೀನು ಸೀಸವನ್ನು ಇನ್ನೂ ಗಟ್ಟಿ ಮಾಡುತ್ತಿದ್ದೆ. ಅದು ಪ್ರತಿಸಲವೂ ಪರಿಹಾರವಲ್ಲ. ಗುಂಡು ಒಂದೆಳೆ ಸಣ್ಣದಿದ್ದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ಒಯ್ಯುತ್ತದೆ. ಮಿತವಾದ ಮದ್ದಿಗೆ ತೀರಾ ಗಟ್ಟಿ ಗುಂಡು ಹಾಕಿದರೆ ಬುಡ ಅರಳಿ ಸಂದು ಮುಚ್ಚುವುದೂ ಇಲ್ಲ. ನಳಿಗೆಯ ಅಳತೆ ತೆಗೆದು, ಅದಕ್ಕಿಂತ ಇಂಚಿನ ಸಾವಿರದ ಒಂದು ಭಾಗ ದಪ್ಪ ಇರಿಸು. ನಿನ್ನದಕ್ಕೆ ಸಾಮಾನ್ಯವಾಗಿ .358 ಆಗುತ್ತದೆ. ವೇಗ ಬೇಕೇ ಬೇಕೆಂದರೆ ಬುಡಕ್ಕೆ ಗ್ಯಾಸ್ ಚೆಕ್ ಎಂಬ ತಾಮ್ರದ ಬಟ್ಟಲು ಕೂಡಿಸಿಕೋ.

ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧ. ಚಿನ್ನ ತೂಗುವವನು ಫ್ಯಾನ್ ನಿಲ್ಲಿಸಿ ತಕ್ಕಡಿ ಹಿಡಿಯುತ್ತಾನೆ, ನೀನು ಟಿವಿ ಹಚ್ಚಿಕೊಂಡು ಕೂರುತ್ತೀ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಅಳತೆಯನ್ನು ಮುದ್ರಿತ ಕೈಪಿಡಿಯಿಂದ ತೆಗೆದುಕೋ, ಗೆಳೆಯರ ಬಾಯಿಂದ ಬೇಡ.

ಮಗು ಈಗ ತೆವಳುತ್ತಿದೆ ಎಂದು ನಿಮ್ಮವ್ವ ಹೇಳಿದಳು. ಸೀಸ ಮುಟ್ಟಿದ ಕೈಯಲ್ಲಿ ಅದನ್ನು ಎತ್ತಿಕೊಳ್ಳಬೇಡ. ಆ ಕೆಲಸಕ್ಕೆ ತೊಟ್ಟ ಬಟ್ಟೆಗಳನ್ನು ಬೇರೆಯೇ ಒಗೆಯಿರಿ, ಎರಕ ಹೊಯ್ಯುವಾಗ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಲಿ. ಕರಗಿದ ಸೀಸದ ಹತ್ತಿರ ನೀರಿನ ಹನಿ ಸುಳಿಯಬಾರದು. ಒಗ್ಗರಣೆಗೆ ಹನಿ ಬಿದ್ದರೆ ಎಣ್ಣೆ ಸಿಡಿಯುತ್ತದೆ, ಇಲ್ಲಿ ಸಿಡಿಯುವುದು 327 ಡಿಗ್ರಿಗೂ ಮೀರಿ ಕಾದ ಲೋಹ. ಊರಿಗೆ ಬರುವಾಗ ಬ್ಯಾಗಿನ ಮೂಲೆ ಮೂಲೆ ತಡಕು. ಇಲ್ಲಿ 1959ರ ಆಯುಧ ಕಾಯ್ದೆಯಿದೆ, ಮರೆತು ಉಳಿದ ಒಂದೇ ತೋಟಾ ಸಿಕ್ಕರೂ ವಿಮಾನ ನಿಲ್ದಾಣದಿಂದ ನೇರ ಪೊಲೀಸ್ ಠಾಣೆ.

ಆ ಬುಲ್ಸ್‌ಐ ಡಬ್ಬಿಯನ್ನು ಮ್ಯಾಗ್ನಮ್ ಮೇಜಿನಿಂದ ಇವತ್ತೇ ತೆಗೆದಿಡು. ಆ ಮದ್ದಿನಿಂದ ಈಗಾಗಲೇ ಕಟ್ಟಿದ ತೋಟಾಗಳಿದ್ದರೆ ಹಾರಿಸಬೇಡ, ಒಂದೊಂದೇ ಬಿಚ್ಚು. ಮುಂದಿನ ಸಲ ಐವತ್ತು ತೋಟಾಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಮದ್ದು ಹಾಕಿದ ಮೇಲೆ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರ ಬಾಯಿಯೊಳಗೂ ನೋಡು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿದೆಯೇ? ಒಂದು ಫೋಟೋ ತೆಗೆದು ನನಗೆ ಕಳಿಸು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ನೋಡುತ್ತೇನೆ.