ಬೆಳ್ಳಿಯ ಕವಚವೂ ಸುತ್ತಿಗೆಯ ವಿದ್ಯೆಯೂ

ಕಾಸರಗೋಡಿನ ಸೀಮೆಯಲ್ಲಿ ಕನ್ನಡಿಗರು ಬೆಳ್ಳಿಯೆನ್ನುವುದನ್ನು ತುಳುವರು ಬೊಳ್ಳಿಯೆಂದೂ ಮಲಯಾಳಿಗಳು ವೆಳ್ಳಿಯೆಂದೂ ಕರೆಯುತ್ತಾರೆ. ಮೂರು ನುಡಿಗಳಲ್ಲಿಯೂ ಹೆಸರಿಗೆ ಮೂಲ ಬಿಳುಪೇ. ದೇವರ ಮೂರ್ತಿಗೆ ತೊಡಿಸುವ ಬೆಳ್ಳಿಯ ಕವಚವನ್ನು (ಮಲಯಾಳದಲ್ಲಿ ಇದು ಗೋಳಕ) ದೀಪದ ಬೆಳಕಿನಲ್ಲಿ ಕಂಡು ಕೈಮುಗಿಯುವವರು ಅದು ಹೇಗೆ ರೂಪುಗೊಂಡಿತೆಂದು ವಿಚಾರಿಸುವುದು ಅಪೂರ್ವ. ಜೀರ್ಣೋದ್ಧಾರದ ಕಾಲದಲ್ಲಾದರೋ ವಿಚಾರಿಸಲೇಬೇಕಾಗುತ್ತದೆ. ಸವೆದ ಹಳೆಯ ಕವಚವನ್ನು ಕರಗಿಸಿ ಹೊಸದು ಮಾಡಿಸಬೇಕೆ, ಇದ್ದುದನ್ನೇ ಸರಿಪಡಿಸಬೇಕೆ ಎಂಬ ಪ್ರಶ್ನೆ ಏಳುವುದು ಆಗಲೇ.

ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ. ಕರಗಿದಾಗ ಅದು ತನ್ನ ಗಾತ್ರದ ಇಪ್ಪತ್ತು ಮಡಿಯಷ್ಟು ಆಮ್ಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಉಗುಳುತ್ತದೆ. ಹಾಗಾದರೆ ಗಟ್ಟಿಯ ತುಂಬ ಗುಳ್ಳೆಗಳು. ಆದುದರಿಂದಲೇ ಮೂಸೆಯಲ್ಲಿ ಇದ್ದಲಿನ ಪುಡಿಯನ್ನು ಹೊದಿಸುವ ವಾಡಿಕೆ.

ಈ ಗಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ತಗಡು ಮಾಡುವುದರಲ್ಲಿ ಅಕ್ಕಸಾಲಿಗನ ನಿಜವಾದ ಪರೀಕ್ಷೆಯಿದೆ. ಪೆಟ್ಟು ಬಿದ್ದಂತೆಲ್ಲ ಬೆಳ್ಳಿ ಹರಡುತ್ತದೆ. ಹರಡುತ್ತ ಹರಡುತ್ತ ಬಿರುಸಾಗುತ್ತದೆ. ಲೋಹದೊಳಗಿನ ಸಣ್ಣ ಹರಳುಗಳು ನಲುಗಿ ಒಂದಕ್ಕೊಂದು ತಡೆಯಾಗುವುದೇ ಇದಕ್ಕೆ ಕಾರಣ. ಬಿರುಸಾದುದನ್ನು ಮತ್ತೂ ಬಡಿದರೆ ಅಂಚು ಸೀಳುವುದು. ಆಗ ಅದನ್ನು ಬೆಂಕಿಗೆ ಹಿಡಿದು ಮಂದವಾದ ಕೆಂಪು ಬರುವವರೆಗೆ ಕಾಯಿಸಿದರೆ ಹರಳುಗಳು ಹೊಸದಾಗಿ ಕೂಡಿಕೊಂಡು ಲೋಹ ಪುನಃ ಮೆತ್ತಗಾಗುತ್ತದೆ. ಈ ಕೆಂಪು ಬಿಸಿಲಿನಲ್ಲಿ ಕಾಣದು. ಕುಲುಮೆಯ ಮೂಲೆ ಮಬ್ಬಾಗಿರುವುದು ಬಡತನದಿಂದಲ್ಲ, ಅವಶ್ಯಕತೆಯಿಂದ. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು: ಒಂದು ಮುಖ ಮೂಡುವುದರೊಳಗೆ ಇದು ಎಷ್ಟೋ ಸಲ ನಡೆಯುತ್ತದೆ. ಕೊನೆಯ ಸುತ್ತಿನ ಪೆಟ್ಟುಗಳ ಅನಂತರ ಮಾತ್ರ ಕಾಯಿಸುವುದಿಲ್ಲ. ಆ ಬಿರುಸೇ ಕವಚಕ್ಕೆ ಬಲ.

ಮೂಗು, ತುಟಿ, ಕಿರೀಟಗಳನ್ನು ಮೂಡಿಸುವುದನ್ನು ಜನರು ಕೆತ್ತನೆಯೆನ್ನುತ್ತಾರೆ. ಆ ಮಾತು ಸರಿಯಲ್ಲ. ಕಲ್ಲುಕುಟಿಗನೂ ಬಡಗಿಯೂ ಬೇಡವಾದುದನ್ನು ತೆಗೆದುಹಾಕುತ್ತಾರೆ. ಉಬ್ಬು ಕೆಲಸದವನು ಒಂದು ಕಣವನ್ನೂ ತೆಗೆಯದೆ, ಇದ್ದುದನ್ನೇ ಅತ್ತಿತ್ತ ಸರಿಸುತ್ತಾನೆ. ರಾಳ, ಇಟ್ಟಿಗೆಯ ಪುಡಿ, ಎಣ್ಣೆ ಬೆರೆಸಿ ಕಾಯಿಸಿದ ಅರಗಿನ ಮೇಲೆ ತಗಡನ್ನು ಕೂರಿಸಿ, ಮೊಂಡು ಉಳಿಗಳಿಂದ ಹಿಂಬದಿಯಲ್ಲಿ ತಗ್ಗಿಸುತ್ತಾನೆ. ಬಳಿಕ ತಗಡನ್ನು ಬಿಡಿಸಿ ಕಾಯಿಸಿ, ಹಿಂಬದಿಗೆ ಅರಗು ತುಂಬಿ, ಮುಂಬದಿಯಿಂದ ಕಣ್ಣಿನ ರೆಪ್ಪೆ, ಹಾರದ ಮಣಿಗಳನ್ನು ತಿದ್ದುತ್ತಾನೆ. ಅರಗು ಪೆಟ್ಟಿಗೆ ಬಗ್ಗುವಷ್ಟು ಮೆದು, ತಗಡು ಹರಿಯದಂತೆ ತಾಳುವಷ್ಟು ಗಟ್ಟಿ.

ಹೆಚ್ಚು ಉಬ್ಬಿದ ಕಡೆ ಲೋಹ ತೆಳುವಾಗುವುದು ಅನಿವಾರ್ಯ. ಅರ್ಧ ಮಿಲ್ಲಿಮೀಟರ್ ದಪ್ಪದ ಒಂದು ಚದರ ಅಡಿ ಬೆಳ್ಳಿಯ ತಗಡು ಸುಮಾರು 490 ಗ್ರಾಂ ತೂಗುತ್ತದೆ. ಕವಚ ಮಾಡಿಸುವವರು ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಉಡುಪಿಯ ಶ್ರೀಕೃಷ್ಣನ ಒಂಬತ್ತು ರಂಧ್ರಗಳ ಕಿಂಡಿಗಿರುವಂಥ ಬೆಳ್ಳಿಯ ಹೊದಿಕೆಗೆ ಹಿಂದೆ ಆಸರೆಯುಂಟು. ಕವಚವಾದರೋ ಒಳಗೆ ಪೊಳ್ಳು. ತೂಕದಲ್ಲಿ ಮಾಡಿದ ಉಳಿತಾಯ ಮೊದಲು ಹರಿಯುವುದು ಮೂಗಿನ ತುದಿಯಲ್ಲಿ.

ಹಳೆಯ ಕವಚ ಹರಿದಿದ್ದರೆ ಕರಗಿಸಲು ಆತುರಪಡಬೇಕಾದುದಿಲ್ಲ. ಕರಗಿಸಿದರೆ ತೂಕ ಉಳಿಯುತ್ತದೆ, ಮುಖಭಾವ ಉಳಿಯುವುದಿಲ್ಲ. ಆ ಮೂರ್ತಿಯ ಅಳತೆಗೇ ಆದ ಮುಖ ಯಂತ್ರದ ಅಚ್ಚಿನಿಂದ ಮರಳಿ ಬಾರದು. ಬಿಳಿಗಾರ ಹಾಕಿ, ಬೆಳ್ಳಿಯನ್ನೇ ಬೆರೆಸಿದ ಬೆಸುಗೆಯಿಂದ ಹಿಂಬದಿಯಲ್ಲಿ ಪಟ್ಟಿಯಿಟ್ಟು ಸೇರಿಸಬಹುದು. ಆದರೆ ಸೀಸ, ತವರಗಳ ಅಗ್ಗದ ಬೆಸುಗೆಯನ್ನು ಹತ್ತಿರ ಬಿಡಬಾರದು. ಮುಂದೆ ಎಂದಾದರೂ ಕಾಯಿಸಿದಾಗ ಅದು ಬೆಳ್ಳಿಯನ್ನೇ ತಿಂದು ಕುಳಿಗಳನ್ನುಂಟುಮಾಡುತ್ತದೆ, ಅನಂತರ ಎಂಥ ಕುಶಲಿಯೂ ಕೈಚೆಲ್ಲಬೇಕಾದೀತು.

ಕವಚ ಕಪ್ಪಾಗುವುದು ಕೊಳೆಯಿಂದ ಮಾತ್ರವಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡುವುದರಿಂದ. ಬೂದಿ, ಮರಳು ಹಾಕಿ ತಿಕ್ಕಿದರೆ ಕಪ್ಪಿನೊಡನೆ ಬೆಳ್ಳಿಯೂ ಹೋಗುತ್ತದೆ. ಹಬ್ಬದಿಂದ ಹಬ್ಬಕ್ಕೆ ರೆಪ್ಪೆಯ ಗೆರೆ ಮಾಸುತ್ತದೆ. ಅಂಟುವಾಳದ ನೊರೆಯಿಂದ ಮೆಲ್ಲಗೆ ತೊಳೆದು, ನೀರಿನ ಪಸೆಯಿಲ್ಲದಂತೆ ಒರಸಿ, ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡುವುದು ಸಾಕು. ಉಣ್ಣೆಯ ಬಟ್ಟೆಯೂ ರಬ್ಬರಿನ ಪಟ್ಟಿಯೂ ಬೇಡ, ಎರಡರಲ್ಲಿಯೂ ಗಂಧಕವಿದೆ.